ಮಾಂಸ ತಿನ್ನುವವರು ಪ್ರಾಣಿ ರಕ್ಷಣೆಗೆ ಇಳಿಯಬಹುದೇ?

ಧಾರಾಳವಾಗಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಹಾರಕ್ಕಾಗಿ ಕೊಲ್ಲುವುದನ್ನು ನಿಷೇಧಿಸಿಲ್ಲ, ಹಾಗೆ ಕೊಲ್ಲುವಾಗಲೂ ಅನಗತ್ಯ ನೋವು ಕೊಡಬಾರದು ಎನ್ನುತ್ತದೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯುವಂತಿಲ್ಲ ಎಂದು 2001ರ ಕಸಾಯಿಖಾನೆ ನಿಯಮವೂ ಇದೆ. ಇದನ್ನು ಸಸ್ಯಾಹಾರಿ ಹೇಳಿದರೆ ಮಟನ್ ಅಂಗಡಿಯವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಯಂ ಗಿರಾಕಿ ಹೇಳಿದರೆ ಕೇಳಿಯಾನು.

ಹಾಲು ಕುಡಿಯುವವರೂ ಹೊರಗಿನವರಲ್ಲ. ಹಾಸನದ ಕಡೆ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಗಂಡು ಕರು ಹುಟ್ಟಿದರೆ ಏನಾಗುತ್ತದೆ ಕೇಳಿ ನೋಡಿ. ಹೆಗಲ ಮೇಲಿನ ಡುಬ್ಬ, ಅಂದರೆ ಹಿಣಿಲು, ಸರಿಯಾಗಿರುವುದಿಲ್ಲ, ನೊಗ ಕೂರುವುದಿಲ್ಲ, ಬಿಸಿಲು ತಡೆಯುವುದಿಲ್ಲ. ಸಾಕುವವರು ಯಾರು?

ಮಲೆನಾಡಿನಲ್ಲಂತೂ ನಿಜವಾದ ಕೆಲಸ ಉರುಳಿನದ್ದು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಬೇಲಿ ಕಂಡಿಗೆ ಹಂದಿಗೆಂದು ಬೈಕಿನ ಕ್ಲಚ್ ವೈರ್ ಕಟ್ಟುತ್ತಾರೆ. ಅದಕ್ಕೆ ಚಿರತೆಯ ಸೊಂಟ ಸಿಕ್ಕರೆ ಜಗ್ಗಿದಷ್ಟೂ ಬಿಗಿಯುತ್ತದೆ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಬಿಡಿಸಲು ಹೋಗಬೇಡಿ. ಜನ ಸೇರಿ ಮೊಬೈಲ್ ಹಿಡಿದರೆ ಅದು ಇನ್ನಷ್ಟು ಜಗ್ಗಿ, ವೈರ್ ಕಿತ್ತು ಮೈಮೇಲೆ ಬೀಳಬಹುದು. ನಾಯಿ ಕಟ್ಟಿಹಾಕಿ, ಜನರನ್ನು ದೂರ ಕಳಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅರಿವಳಿಕೆ ಕೊಡುವ ವೈದ್ಯರು ಬರುವವರೆಗೆ ಸದ್ದು ಬೇಡ.

ಉರುಳು ಯಾವ ಕಂಡಿಯಲ್ಲಿದೆ ಎಂಬ ಸುದ್ದಿ ಬರುವುದು ಬಾಡೂಟದ ಪಂಕ್ತಿಯಲ್ಲಿ ಕೂರುವವರಿಗೇ. ಅವರನ್ನು ಹೊರಗಿಟ್ಟು ಸಂಘ ಕಟ್ಟುವುದು ಮಡಿವಂತಿಕೆಯಷ್ಟೆ. ಆದರೆ ಕದ್ದು ಹೊಡೆದ ಕಾಡುಹಂದಿ ತಿನ್ನುವವರ ಮಾತು ಬೇರೆ: ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಅಂಥವರಿಗೆ ಜಾಗವಿಲ್ಲ.