ಆ ನಾಲ್ಕನೇ ಚಕ್ರದ ಬಗ್ಗೆ ಬರೆಯಿರಿ

ನಮಸ್ಕಾರ.

‘ಸ್ಪರ್ಧಾ ರೋಬೋಟ್‌ಗೆ ಚಕ್ರಗಳ ಆಯ್ಕೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಾವು ಅದನ್ನು ಪ್ರಕಟಿಸುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಒಂಬತ್ತನೇ ಪುಟದಲ್ಲಿ. ಅದನ್ನು ಮುಂದಕ್ಕೆ ತನ್ನಿ ಅಂತ ಕೇಳುವುದಕ್ಕೇ ಈ ಪತ್ರ.

ಮೊದಲ ಎಂಟು ಪುಟ ಮಾಮೂಲಿ ಚಕ್ರ, ಓಮ್ನಿ (ಅಂಚಿನ ಸಣ್ಣ ರೋಲರ್‌ಗಳಿಂದ ಪಕ್ಕಕ್ಕೂ ಉರುಳುವ ಚಕ್ರ), ಮೆಕಾನಮ್ (ಓರೆ ರೋಲರ್‌ಗಳಿದ್ದು ಗಾಡಿಯನ್ನು ಅಡ್ಡಕ್ಕೂ ಸರಿಸಬಲ್ಲ ಚಕ್ರ), ಸ್ವರ್ವ್ (ಪ್ರತಿ ಚಕ್ರವನ್ನೂ ಬೇಕಾದ ದಿಕ್ಕಿಗೆ ತಿರುಗಿಸುವ ಏರ್ಪಾಡು) ಅಂತ ಒಂದೊಂದನ್ನೂ ಪರಿಚಯಿಸಿ, ಲಾಭ ನಷ್ಟದ ಪಟ್ಟಿ ಕೊಟ್ಟಿದ್ದೀರಿ. ಅಷ್ಟು ಓದಿದರೂ ನಿಮ್ಮ ತಂಡಕ್ಕೆ ಯಾವುದು ಬೇಕಿತ್ತು, ಯಾಕೆ ಬೇಕಿತ್ತು ಅಂತ ತಿಳಿಯುವುದಿಲ್ಲ. ಎಫ್‌ಟಿಸಿ (ಫಸ್ಟ್ ಟೆಕ್ ಚಾಲೆಂಜ್ ಎಂಬ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ) ಆಟದ ಅಂಕಣ 12 ಅಡಿ ಚೌಕ. ಪಂದ್ಯ ಎರಡೂವರೆ ನಿಮಿಷ. ಅಷ್ಟರೊಳಗೆ ನಿಮ್ಮ ರೋಬೋಟ್ ಏನು ಮಾಡಬೇಕಿತ್ತು? ಗೋಡೆ ಪಕ್ಕ ಅಡ್ಡಡ್ಡ ಸರಿದು ಗುರಿಯ ಎದುರು ನಿಲ್ಲಬೇಕಿತ್ತೋ, ಎದುರಾಳಿ ತಳ್ಳಿದರೂ ಜಾಗ ಬಿಡದೆ ನಿಲ್ಲಬೇಕಿತ್ತೋ? ಚಕ್ರ ಆರಿಸುವುದು ಈ ಪ್ರಶ್ನೆಯಿಂದ ಅಲ್ವಾ? ಲೇಖನವೂ ಅಲ್ಲಿಂದಲೇ ಶುರುವಾಗಲಿ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಮೆಕಾನಮ್ ಅಮೆರಿಕದ್ದಲ್ಲ. 1970ರ ದಶಕದ ಆರಂಭದಲ್ಲಿ ಅದನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ಬೆಂಗ್ಟ್ ಇಲಾನ್. ಅವರು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರೇ ಚಕ್ರಕ್ಕೆ ಬಂತು. ಇದಕ್ಕಿಂತ ದೊಡ್ಡ ತಪ್ಪು, ‘ಮೆಕಾನಮ್‌ಗೆ ತಳ್ಳುವ ಬಲ ಜಾಸ್ತಿ’ ಅನ್ನುವುದು. ಇದು ತಿರುಗುಮುರುಗಾಗಿದೆ. ಅದರ ರೋಲರ್‌ಗಳು 45 ಡಿಗ್ರಿ ಓರೆಯಾಗಿ ಕೂತಿರುತ್ತವೆ, ಸಲೀಸಾಗಿ ಉರುಳುತ್ತವೆ. ಹಾಗಾಗಿ ಪ್ರತಿ ಚಕ್ರವೂ ಓರೆಯಾಗಿಯೇ ಎಳೆಯುತ್ತದೆ. ನೇರ ಹೋಗುವಾಗ ಎಡದ ಚಕ್ರಗಳೂ ಬಲದ ಚಕ್ರಗಳೂ ಪಕ್ಕಕ್ಕೆ ಜಗ್ಗಿಕೊಂಡು ಆ ಪಾಲನ್ನು ಪರಸ್ಪರ ತಿಂದುಹಾಕುತ್ತವೆ. ಅದೇ ರಬ್ಬರಿನ ಮಾಮೂಲಿ ಚಕ್ರದ ಹಿಡಿತ 100 ಅಂದುಕೊಂಡರೆ, ಮುಂದಕ್ಕೆ ತಳ್ಳಲು ಇದಕ್ಕೆ ಸಿಗುವುದು ಹೆಚ್ಚೆಂದರೆ ಸುಮಾರು 70. ಅಡ್ಡ ಸರಿಯುವ ಅನುಕೂಲಕ್ಕೆ ಕೊಡುವ ಬೆಲೆ ಅದು. ಕೊಟ್ಟಿದ್ದು ಸರಿ ಅನ್ನಿಸಿತೇ ಅಂತ ಬರೆಯಿರಿ.

ದೊಡ್ಡ ಚಕ್ರ ಹಾಕಿದರೆ ವೇಗ ಹೆಚ್ಚುತ್ತದೆ ಅಂದಿದ್ದೀರಿ. ಸರಿ, ಆದರೆ ಅರ್ಧ ಮಾತು. ವೇಗ ಎಷ್ಟು ಏರಿತೋ ತಳ್ಳುವ ಬಲ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಇಲ್ಲಿ ಒಂದು ಲೆಕ್ಕ ಹಾಕಿ ತೋರಿಸಿ. 96 ಮಿಲಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ನಿಮಿಷಕ್ಕೆ 312 ಸುತ್ತಿನ ಮೋಟಾರ್ ಆದರೆ ಸೆಕೆಂಡಿಗೆ ಒಂದೂವರೆ ಮೀಟರ್ ದಾಟುತ್ತದೆ. ಅಂದರೆ ಅಂಕಣದ ಈ ಗೋಡೆಯಿಂದ ಆ ಗೋಡೆಗೆ ಎರಡೂವರೆ ಸೆಕೆಂಡೂ ಬೇಡ. ಓದುವ ಹುಡುಗನಿಗೆ ಇದು ಕಣ್ಣಿಗೆ ಕಟ್ಟುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ‘ಚಾಲನಾ ಶ್ರೇಣಿ’, ‘ಸರ್ವದಿಶಾ ಚಕ್ರ’ ಬೇಡ. ನಿಮ್ಮ ತಂಡದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಡ್ರೈವ್‌ಟ್ರೈನ್ (ಮೋಟಾರಿನಿಂದ ಚಕ್ರದವರೆಗಿನ ಜೋಡಣೆ), ಓಮ್ನಿ ಅಂತಲೇ ಬರೆಯಿರಿ. ‘ಪಾರ್ಶ್ವ ಘರ್ಷಣೆ ಉಂಟಾಗುತ್ತದೆ’ ಅನ್ನುವ ಬದಲು, ತುಂಬಿದ ಬೀರುವನ್ನು ನೆಲದ ಮೇಲೆ ತಿರುಗಿಸಿ ನೋಡಿ ಅನ್ನಿ. ಅದರ ಕಾಲುಗಳು ಹೇಗೆ ಅಡ್ಡಡ್ಡ ಉಜ್ಜುತ್ತವೋ, ನಿಂತಲ್ಲೇ ತಿರುಗುವ ನಾಲ್ಕು ರಬ್ಬರ್ ಚಕ್ರಗಳೂ ಹಾಗೇ ಉಜ್ಜುತ್ತವೆ. ಆರು ಚಕ್ರದ ಗಾಡಿಯಲ್ಲಿ ನಡುವಿನ ಜೋಡಿಯನ್ನು ಸುಮಾರು 3 ಮಿಲಿಮೀಟರ್ ಕೆಳಗೆ ಇಳಿಸುವುದು ಯಾಕೆ ಅಂತ ಆಮೇಲೆ ವಿವರಿಸಬೇಕಾಗಿಯೇ ಇಲ್ಲ. ಒಂದು ಸಲಕ್ಕೆ ನಾಲ್ಕೇ ಚಕ್ರ ನೆಲಕ್ಕೆ ತಾಗುತ್ತವೆ, ಉದ್ದ ಕಡಿಮೆ ಇರುವ ಗಾಡಿಯಂತೆ ಸಲೀಸಾಗಿ ತಿರುಗುತ್ತದೆ.

ಈಗ ಒಂಬತ್ತನೇ ಪುಟ. ಬಲಕ್ಕೆ ಸರಿಯಬೇಕಾದ ರೋಬೋಟ್ ಪ್ರತಿ ಸಲವೂ ಮೂತಿ ತಿರುಗಿಸಿಕೊಂಡು ಹೋಗುತ್ತಿತ್ತು. ಮೂರು ಸಂಜೆ ಪ್ರೋಗ್ರಾಂ ತಿದ್ದಿದಿರಿ. ಕೊನೆಗೆ ನಿಮ್ಮ ಜೊತೆಯ ಹುಡುಗಿ ಚಕ್ರಗಳ ಕೆಳಗೆ ನೋಟ್‌ಬುಕ್ ಹಾಳೆ ತೂರಿಸಿ ಎಳೆದಳು. ಮೂರು ಕಡೆ ಹಾಳೆ ಸಿಕ್ಕಿಕೊಂಡಿತು. ನಾಲ್ಕನೇ ಚಕ್ರದ ಕೆಳಗೆ ಸಲೀಸಾಗಿ ಬಂತು. ಚಾಸಿ, ಅಂದರೆ ರೋಬೋಟಿನ ಚೌಕಟ್ಟು, ತಿರುಚಿಕೊಂಡಿತ್ತು!

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನೀವೋ ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಾನು ಶಾಲಾ ತಂಡವೊಂದಕ್ಕೆ ಎರಡು ವರ್ಷ ಸಹಾಯ ಮಾಡಿದ್ದೇನೆ. ಮೆಕಾನಮ್ ಚಕ್ರಗಳನ್ನು ಎಡಬಲ ಅದಲುಬದಲು ಹಾಕಿ ನಾವು ಒಂದು ಇಡೀ ಭಾನುವಾರ ಕಳೆದುಕೊಂಡೆವು. ಮೇಲಿಂದ ನೋಡಿದರೆ ನಾಲ್ಕರ ರೋಲರ್‌ಗಳೂ ಸೇರಿ ಗುಣಾಕಾರದ ಗುರುತಿನಂತೆ ಕಾಣಬೇಕು. ನಮ್ಮದು ವಜ್ರದಾಕಾರ ಆಗಿತ್ತು. ಗಾಡಿ ಹಿಂದೆ ಮುಂದೆ ಚೆನ್ನಾಗಿಯೇ ಹೋಗುತ್ತಿತ್ತು, ನಿಂತಲ್ಲಿ ತಿರುಗುವುದಕ್ಕೆ ಮಾತ್ರ ಒದ್ದಾಡುತ್ತಿತ್ತು. ಇಂಥದ್ದು ಲಾಭ ನಷ್ಟದ ಪಟ್ಟಿಯಲ್ಲಿ ಸಿಗುವುದಿಲ್ಲ. ಕೈ ಕೊಳೆ ಮಾಡಿಕೊಂಡವರೇ ಹೇಳಬೇಕು. ನೀವು ಹೇಳಬಲ್ಲಿರಿ.

ಹಾಗಾಗಿ ಆ ಮೂರು ಸಂಜೆಗಳನ್ನು ಮೊದಲಿಂದ ಬರೆಯಿರಿ. ಮೂರು ಕಾಲಿನ ಸ್ಟೂಲ್ ಯಾವ ನೆಲದಲ್ಲೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದು ಅಲ್ಲಾಡುತ್ತದೆ. ನಿಮ್ಮ ಗಾಡಿಗೆ ಆಗಿದ್ದೂ ಅದೇ. ಮಾಮೂಲಿ ಚಕ್ರವಾದರೆ ಹೇಗೋ ನಡೆಯುತ್ತಿತ್ತು. ಮೆಕಾನಮ್‌ನಲ್ಲಿ ನಾಲ್ಕೂ ಚಕ್ರ ಭಾರ ಹೊತ್ತರೆ ಮಾತ್ರ ಅಡ್ಡ ನಡಿಗೆ ನೆಟ್ಟಗಿರುತ್ತದೆ ಅನ್ನುವುದು ಅಲ್ಲಿ ತಾನಾಗಿ ಬರುತ್ತದೆ. ಸ್ವರ್ವ್ ಬಗ್ಗೆ ಒಂದೇ ಪ್ಯಾರಾ ಸಾಕು, ನೀವು ಅದನ್ನು ಕಟ್ಟಿಲ್ಲ.

ಆರು ಪುಟ ಮೀರದಿರಲಿ. ರೋಬೋಟನ್ನು ಮೇಲಿಂದ ತೆಗೆದ ಒಂದು ಫೋಟೋ ಕಳಿಸಿ. ಆ ನಾಲ್ಕನೇ ಚಕ್ರ ನೆಲದಿಂದ ಎಷ್ಟು ಮೇಲಿತ್ತು ಅಂತ ಅಳೆದಿದ್ದರೆ ಅದನ್ನೂ ಬರೆಯಿರಿ.