ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವಾಗ ಎತ್ತರವನ್ನು ಎಲ್ಲಿಂದ ಅಳೆಯಬೇಕು?

ಮಹೀಂದ್ರಾ ಸಿಜೆ 3ಬಿ ಜೀಪಿನ ಪೆಟ್ರೋಲ್ ಎಂಜಿನ್ ಇಳಿಸಿ ಬೊಲೆರೊದ 2523 ಸಿಸಿ ಡೀಸೆಲ್ ಎಂಜಿನ್ ಕೂರಿಸುತ್ತಿರುವುದಾಗಿಯೂ, ಗುರುತ್ವ ಕೇಂದ್ರ ತಗ್ಗಲೆಂದು ಅದನ್ನು ಆದಷ್ಟು ಕೆಳಗೆ ಇಳಿಸಬೇಕೆ, ಬಾನೆಟ್ ಅಡಿಯಲ್ಲಿ ಎಷ್ಟು ಜಾಗ ಬಿಡಬೇಕು ಎಂದೂ ನೀವು ಕೇಳಿದ್ದೀರಿ. ಸಕಲೇಶಪುರದ ಕಡೆಯ ಕಾಫಿ ತೋಟದ ದಾರಿಗಳಲ್ಲಿ ಓಡುವ ನನ್ನ ಜೀಪಿಗೂ ಇಂಥದ್ದೇ ಕೆಲಸ ಮಾಡಿಸಿದ್ದೇನೆ, ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ. ಆ ಅನುಭವದಿಂದ ಹೇಳುವುದಾದರೆ, ಅಳತೆಯನ್ನು ಬಾನೆಟ್ಟಿನಿಂದ ಆರಂಭಿಸಬೇಡಿ. ಎಂಜಿನ್ ಎಷ್ಟು ಕೆಳಗೆ ಇಳಿಯಬಹುದೆಂಬುದನ್ನು ಮುಂದಿನ ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ತೀರ್ಮಾನಿಸುತ್ತದೆ. ಅದು ಎಷ್ಟು ವಾಲಿರಬೇಕೆಂಬುದನ್ನು ಹೌಸಿಂಗ್‌ಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳು ತೀರ್ಮಾನಿಸುತ್ತವೆ. ಬಾನೆಟ್ಟಿನ ಸರದಿ ಕಡೆಗೆ. ನಿಮ್ಮ ಜೀಪೇ ಇದಕ್ಕೆ ಸಾಕ್ಷಿ: 1953ರಲ್ಲಿ ವಿಲ್ಲಿಸ್ ಕಂಪನಿಯವರು ಹಿಂದಿನ ಫ್ಲಾಟ್‌ಹೆಡ್ ಎಂಜಿನ್ನಿಗಿಂತ ಎತ್ತರವಾಗಿದ್ದ ಹರಿಕೇನ್ ಎಂಜಿನ್ನನ್ನು ಇದೇ ಮಾದರಿಯ ಗಾಡಿಗೆ ಹಾಕಿದಾಗ, ಬಾನೆಟ್ಟನ್ನೂ ಗ್ರಿಲ್ಲನ್ನೂ ಎತ್ತರಿಸಿಕೊಂಡರು. ಸಿಜೆ 3ಬಿಯ ಮುಖ ಅಷ್ಟು ಉದ್ದವಾಗಿ ಕಾಣುವುದು ಆ ಕಾರಣಕ್ಕೇ.

ಮೊದಲು ಕೆಳಗಿನ ಮಿತಿಯನ್ನು ನೋಡೋಣ. ಗಾಡಿ ಶೆಡ್ಡಿನಲ್ಲಿ ಸಮತಟ್ಟಾಗಿ ನಿಂತಿರುವಾಗ ಎಂಜಿನ್ನಿನ ತಳದಲ್ಲಿರುವ ಆಯಿಲ್ ಚೇಂಬರಿಗೂ ಮುಂದಿನ ಹೌಸಿಂಗಿಗೂ ನಡುವೆ ಕಾಣುವ ಅಂತರವನ್ನು ನಂಬಬಾರದು. ಹಳ್ಳಕ್ಕೆ ಬಿದ್ದಾಗ, ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಹಿಸುಕುವವರೆಗೂ ಹೌಸಿಂಗ್ ಮೇಲೇರುತ್ತದೆ. ಒಂದು ಚಕ್ರ ಮಾತ್ರ ಏರಿದರೆ ಅದು ಓರೆಯಾಗಿಯೂ ಬರುತ್ತದೆ. ಸಾಲದ್ದಕ್ಕೆ, ಈ ಜೀಪಿನಲ್ಲಿ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ತೂಗಾಡುವ ಕೊಂಡಿ) ಮುಂಭಾಗದಲ್ಲಿರುವುದರಿಂದ ಸ್ಪ್ರಿಂಗಿನ ಪ್ಲೇಟುಗಳು ಚಪ್ಪಟೆಯಾದಂತೆ ಹೌಸಿಂಗ್ ಸ್ವಲ್ಪ ಮುಂದಕ್ಕೂ ಸರಿಯುತ್ತದೆ. ಇದನ್ನು ಕಣ್ಣಾರೆ ನೋಡಲು ಒಂದು ಉಪಾಯವಿದೆ. ಸ್ಪ್ರಿಂಗ್ ಕಟ್ಟಿನಿಂದ ಮೇನ್ ಪ್ಲೇಟ್ ಒಂದನ್ನು ಉಳಿಸಿ ಮಿಕ್ಕ ಪ್ಲೇಟುಗಳನ್ನೆಲ್ಲ ಬಿಚ್ಚಿಡಿ, ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹೌಸಿಂಗಿನ ಅಡಿ ಜಾಕ್ ಇಟ್ಟು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ. ಬಳಿಕ ಎಡಬದಿಯನ್ನು ಮಾತ್ರ, ಆಮೇಲೆ ಬಲಬದಿಯನ್ನು ಮಾತ್ರ ಎತ್ತಿ ನೋಡಿ. ಪ್ರತಿಯೊಂದು ಸ್ಥಿತಿಯಲ್ಲೂ ಚೇಂಬರಿಗೂ ಹೌಸಿಂಗಿಗೂ ನಡುವೆ ಕನಿಷ್ಠ 25 ಮಿಲಿಮೀಟರ್ ಉಳಿಯಬೇಕೆಂಬುದು ನನ್ನ ಲೆಕ್ಕ. ಡೀಸೆಲ್ ಎಂಜಿನ್ ತನ್ನನ್ನು ಚಾಸಿಗೆ ಕೂರಿಸುವ ರಬ್ಬರ್ ಫೌಂಡೇಷನ್‌ಗಳ ಮೇಲೆ ಕುಲುಕಾಡುತ್ತದೆ, ರಬ್ಬರ್ ಹಳತಾದಂತೆ ಕುಸಿಯುತ್ತದೆ. ಅದಕ್ಕಿಂತ ಕಡಿಮೆ ಬಿಟ್ಟರೆ ಉಳಿಯುವುದಿಲ್ಲ.

ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲೇ. ಎಂಜಿನ್ ತಗ್ಗಿನಲ್ಲಿದ್ದಷ್ಟೂ ಗಾಡಿ ಮಗುಚುವುದಿಲ್ಲ ಎಂಬ ಹುಮ್ಮಸ್ಸಿನಲ್ಲಿ ಗಾಡಿ ಶೆಡ್ಡಿನಲ್ಲಿ ನಿಂತಿದ್ದಾಗ ಚೇಂಬರಿಗೂ ಹೌಸಿಂಗಿಗೂ ನಡುವೆ ಎರಡು ಬೆರಳು ಜಾಗ ಕಂಡು ಫೌಂಡೇಷನ್ ಬೆಸುಗೆ ಹಾಕಿಸಿಬಿಟ್ಟೆ. ಮಳೆಗಾಲದಲ್ಲಿ ಇಳಿಜಾರಿನಲ್ಲಿ ಎಡಗಡೆಯ ಚಕ್ರ ಚರಂಡಿಗೆ ಜಾರಿದಾಗ ಅಡಿಯಿಂದ ‘ಠಣ್’ ಎಂದು ಒಂದೇ ಒಂದು ಸದ್ದು ಬಂತು. ಆಯಿಲ್ ಸೋರಲಿಲ್ಲ, ಹಾಗಾಗಿ ನಾನೂ ಚಿಂತಿಸಲಿಲ್ಲ. ಮಾರನೆಯ ದಿನ ಘಾಟಿ ಏರುವಾಗ ಆಯಿಲ್ ಪ್ರೆಷರ್ ದೀಪ ಹತ್ತಿಕೊಂಡಿತು. ಚೇಂಬರ್ ಬಿಚ್ಚಿದರೆ, ಅದರ ತಳ ಒಳಕ್ಕೆ ತಗ್ಗಿ ಆಯಿಲ್ ಎಳೆಯುವ ಜಾಲರಿಯ ಬಾಯಿಯನ್ನು ಅರ್ಧ ಮುಚ್ಚಿತ್ತು. ಬೇರಿಂಗ್ ಉಳಿದದ್ದು ನನ್ನ ಪುಣ್ಯ.

ಇನ್ನು ವಾಲುವಿಕೆಯ ವಿಷಯ, ನಿಜವಾದ ಜಗ್ಗಾಟವಿರುವುದು ಇಲ್ಲಿ. ಎಂಜಿನ್, ಗೇರ್‌ಬಾಕ್ಸ್, ಶಕ್ತಿಯನ್ನು ಮುಂದಿನ ಹಾಗೂ ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮೂರೂ ಒಂದೇ ಸಾಲಿನಲ್ಲಿ ಹಿಂದಕ್ಕೆ ಕೆಳಮುಖವಾಗಿ 3ರಿಂದ 5 ಡಿಗ್ರಿ ವಾಲಿರುವುದು ಸಾಮಾನ್ಯ ಪದ್ಧತಿ. ಎರಡು ತುದಿಯಲ್ಲೂ ಸಾಧಾರಣ ಯು.ಜೆ. ಕ್ರಾಸ್ (ಓರೆಯಲ್ಲೂ ತಿರುಗಬಲ್ಲ ಕೀಲು) ಇರುವ ಶಾಫ್ಟ್ ನಡುಗದೆ ತಿರುಗಬೇಕಾದರೆ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ರೇಖೆಯೂ ಹಿಂದಿನ ಹೌಸಿಂಗಿನಲ್ಲಿ ಶಾಫ್ಟ್ ಬಂದು ಸೇರುವ ಪಿನಿಯನ್ ಗೇರಿನ ರೇಖೆಯೂ ಪರಸ್ಪರ ಸಮಾನಾಂತರವಾಗಿರಬೇಕು, ಹೆಚ್ಚೆಂದರೆ 1 ಡಿಗ್ರಿ ವ್ಯತ್ಯಾಸ ಇರಬಹುದು. ಎಂಜಿನ್ನಿನ ಮುಂಭಾಗವನ್ನು ಇನ್ನಷ್ಟು ಎತ್ತಿದರೆ ಹಿಂಭಾಗ ಕೆಳಮುಖವಾಗಿ, ಹಿಂದಿನ ಶಾಫ್ಟಿನ ಮೇಲ್ಗಡೆಯ ಕ್ರಾಸಿಗೆ ಆರಾಮ ಸಿಗುತ್ತದೆ. ಆದರೆ ಅದೇ ರೇಖೆಯ ಇನ್ನೊಂದು ತುದಿ ಆಕಾಶದತ್ತ ಮುಖ ಮಾಡುವುದರಿಂದ, ಕೆಳಗಿರುವ ಮುಂದಿನ ಹೌಸಿಂಗಿಗೆ ಹೋಗುವ ಶಾಫ್ಟಿನ ಕೋನ ಅಷ್ಟೇ ಹೆಚ್ಚುತ್ತದೆ. ಹಿಂದಿನ ಪಿನಿಯನ್ನನ್ನು ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಓರೆ ಪ್ಯಾಕಿಂಗ್ ಕೊಟ್ಟು ತಿರುಗಿಸಬಹುದು. ಮುಂದಿನದನ್ನು ಹಾಗೆ ತಿರುಗಿಸಿದರೆ ಕ್ಯಾಸ್ಟರ್ (ಚಕ್ರ ನೇರಕ್ಕೆ ಮರಳಲು ನೆರವಾಗುವ ಓರೆ ಕೋನ) ಕೆಟ್ಟು ಸ್ಟೀರಿಂಗ್ ತನ್ನಿಷ್ಟಕ್ಕೆ ಓಡಾಡತೊಡಗುತ್ತದೆ. ಆದ್ದರಿಂದ ಹಿಂದಿನ ಶಾಫ್ಟಿನ ಸಲುವಾಗಿ ಎಂಜಿನ್ನನ್ನು ವಿಪರೀತ ವಾಲಿಸಬೇಡಿ.

ನಿಮ್ಮ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 80 ಇಂಚು, ಅಂದರೆ 2032 ಮಿಲಿಮೀಟರ್ ಮಾತ್ರ. ಹೊಸ ಗೇರ್‌ಬಾಕ್ಸ್ ಉದ್ದವಾಗಿದ್ದು ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿದರೆ ಮೊದಲೇ ಗಿಡ್ಡವಾದ ಹಿಂದಿನ ಶಾಫ್ಟ್ ಮತ್ತಷ್ಟು ಗಿಡ್ಡವಾಗುತ್ತದೆ. 500 ಮಿಲಿಮೀಟರ್ ಉದ್ದದ ಶಾಫ್ಟಿನ ಒಂದು ತುದಿಯನ್ನು 25 ಮಿಲಿಮೀಟರ್ ಎತ್ತಿದರೆ ಕೋನ ಸುಮಾರು 2.9 ಡಿಗ್ರಿ ಬದಲಾಗುತ್ತದೆ. 750 ಮಿಲಿಮೀಟರ್ ಉದ್ದದ್ದಾದರೆ 1.9 ಡಿಗ್ರಿ. ಹೀಗಾಗಿ ಟ್ರಾನ್ಸ್‌ಫರ್ ಕೇಸನ್ನು ಹಳೆಯ ಜಾಗದಲ್ಲೇ, ಹಳೆಯ ಎತ್ತರದಲ್ಲೇ ಉಳಿಸಿಕೊಂಡು, ಅಡಾಪ್ಟರ್ ಮೂಲಕ ಎಂಜಿನ್ನನ್ನು ಅದಕ್ಕೆ ತಂದು ಜೋಡಿಸುವುದೇ ಮೇಲು. ಎಂಜಿನ್ನನ್ನು ಪಕ್ಕಕ್ಕೆ ಸರಿಸುವಾಗಲೂ ಎಚ್ಚರವಿರಲಿ. ವಿಲ್ಲಿಸ್ ವಿನ್ಯಾಸದಲ್ಲಿ ಹೌಸಿಂಗಿನ ಉಬ್ಬಿದ ಭಾಗವಾದ ಡಿಫರೆನ್ಷಿಯಲ್ ಗುಂಡು ಮಧ್ಯದಲ್ಲಿಲ್ಲ, ಬಲಕ್ಕಿದೆ. ಚೇಂಬರ್ ಅದರ ಪಕ್ಕದಲ್ಲಿ ಇಳಿದು ಕೂರಲು ಜಾಗ ಸಿಗುವುದೇ ಹಾಗೆ. ಹೊಸ ಎಂಜಿನ್ನಿನ ಚೇಂಬರ್ ಆಳವಾಗಿದ್ದರೆ ಆ ಭಾಗ ಗುಂಡಿನ ಮೇಲೆ ಬರದಂತೆ ನೋಡಿಕೊಳ್ಳಿ.

ಅಳೆಯುವಾಗ ನೆಲವನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ, ಚಾಸಿಯ ಉದ್ದುದ್ದ ಪಟ್ಟಿಯನ್ನು ಇಟ್ಟುಕೊಳ್ಳಿ. ಡಿಜಿಟಲ್ ಕೋನಮಾಪಕವನ್ನು ಮೊದಲು ಅದರ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಪೂರ್ತಿ ಎಂಜಿನ್ ನೇತುಹಾಕಿಕೊಂಡು ಒದ್ದಾಡುವ ಬದಲು ಖಾಲಿ ಬ್ಲಾಕ್, ಚೇಂಬರ್, ಬೆಲ್ ಹೌಸಿಂಗ್ (ಕ್ಲಚ್ಚಿನ ಕವಚ) ಇಷ್ಟನ್ನೇ ಚೈನ್ ಬ್ಲಾಕಿನಲ್ಲಿ ತೂಗಿಸಿದರೆ ಸಾಕು. ಬಾನೆಟ್, ರೇಡಿಯೇಟರ್ ಫ್ಯಾನ್, ಸ್ಟೀರಿಂಗ್ ರಾಡ್ ಇವನ್ನು ಆಮೇಲೆ ನೋಡಿದರಾಯಿತು. ಬಾನೆಟ್ ಅಡಿ 25 ಮಿಲಿಮೀಟರ್ ಸಿಗದಿದ್ದರೆ ಏರ್ ಕ್ಲೀನರನ್ನು ಪಕ್ಕಕ್ಕೆ ಹಾಕಿಸಿ, ಎಂಜಿನ್ನನ್ನು ಇಳಿಸಬೇಡಿ. ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆದು, ಆರ್‌ಸಿಯಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕೆಂಬುದು ನಿಮಗೆ ತಿಳಿದೇ ಇರುತ್ತದೆ.

ಫೌಂಡೇಷನ್‌ಗಳಿಗೆ ಸದ್ಯಕ್ಕೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಮಾತ್ರ ಹಾಕಿಸಿ. ಪೂರ್ತಿ ಎಂಜಿನ್, ರೇಡಿಯೇಟರ್, ಬ್ಯಾಟರಿ, ನೀರು, ಆಯಿಲ್ ಎಲ್ಲ ಸೇರಿ ಸ್ಪ್ರಿಂಗ್ ಕುಸಿದ ಮೇಲೆ ಕೋನಗಳು ಬೇರೆಯೇ ಬರುತ್ತವೆ. ನನ್ನ ಗಾಡಿಯ ಮುಂಭಾಗ ಎರಡನೆಯ ಸಲ 30 ಮಿಲಿಮೀಟರ್ ಕೆಳಗೆ ಕೂತಿತ್ತು. ಮೊದಲು ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಕಟ್ಟಿಸಿ, ಮತ್ತೆ ಅಳೆದು, ಆಮೇಲೆಯೇ ಪೂರ್ತಿ ಬೆಸುಗೆ ಹಾಕಿಸಿದೆ.