ಓದುಗರ ಪ್ರಶ್ನೆ: ಒತ್ತೆಸೆರೆ ಕೆಟ್ಟಾಗ ಪೊಲೀಸರನ್ನು ಕೇಳುವವರು ಯಾರು?

ಪ್ರ: 2010ರಲ್ಲಿ ಮನಿಲಾದಲ್ಲಿ ಪ್ರವಾಸಿ ಬಸ್ಸನ್ನು ಹಿಡಿದಿಟ್ಟವನು ಸ್ವತಃ ಪೊಲೀಸ್ ಅಧಿಕಾರಿಯೇ ಆಗಿದ್ದನಂತೆ. ಎಂಟು ಜನ ಸತ್ತರು. ಆಮೇಲೆ ಪೊಲೀಸರಲ್ಲಿ ಯಾರಿಗಾದರೂ ಶಿಕ್ಷೆ ಆಯಿತೇ? — ಶಿವಮೊಗ್ಗದ ಓದುಗರು

ಉ: ಪೊಲೀಸ್ ಅಧಿಕಾರಿ ಆಗಿದ್ದವನು, ಸೇವೆಯಿಂದ ವಜಾ ಆಗಿದ್ದವನು. ಹೆಸರು ರೊಲಾಂಡೊ ಮೆಂಡೋಜಾ. 2008ರ ಸುಲಿಗೆ ದೂರಿನ ಮೇಲೆ ಕೆಲಸ ಕಳೆದುಕೊಂಡಿದ್ದ. ಮರುಪರಿಶೀಲನೆಗೆ ಕೊಟ್ಟ ಅರ್ಜಿ, ಅಧಿಕಾರಿಗಳ ಮೇಲಿನ ದೂರು ವಿಚಾರಿಸುವ ಅಲ್ಲಿನ ಓಂಬುಡ್ಸ್‌ಮನ್ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿತ್ತು. 2010ರ ಆಗಸ್ಟ್ 23ರ ಬೆಳಿಗ್ಗೆ ಎಂ-16 ರೈಫಲ್ ಹಿಡಿದು ಹಾಂಗ್‌ಕಾಂಗ್ ಪ್ರವಾಸಿಗರ ಬಸ್ ಹತ್ತಿದ. ಒಳಗೆ 25 ಮಂದಿ. ಬಸ್ ರಿಝಾಲ್ ಪಾರ್ಕಿನ ಕ್ವಿರಿನೊ ಗ್ರ್ಯಾಂಡ್‌ಸ್ಟ್ಯಾಂಡ್ ಎದುರು ಬಂದು ನಿಂತಿತು. ಅವನ ಬೇಡಿಕೆ ಒಂದೇ, ಕೆಲಸ ವಾಪಸ್ ಬೇಕು. ಹಗಲಿಡೀ ಮಾತುಕತೆ ನಡೆಯಿತು, ಹಿರಿಯರು ಮಕ್ಕಳು ಸೇರಿ ಕೆಲವರನ್ನು ಬಿಟ್ಟ. ಅಂದರೆ ಸಂಜೆಯವರೆಗೂ ಇದು ಕೈಮೀರಿದ ಪ್ರಕರಣವಾಗಿರಲಿಲ್ಲ.

ಸಂಜೆ ಓಂಬುಡ್ಸ್‌ಮನ್ ಕಚೇರಿಯ ಪತ್ರ ಬಂತು. ಅದರಲ್ಲಿದ್ದುದು ಪ್ರಕರಣವನ್ನು ಮತ್ತೊಮ್ಮೆ ನೋಡುತ್ತೇವೆ ಎಂಬ ಭರವಸೆ ಮಾತ್ರ. ಅವನು ಅದನ್ನು ಕಸ ಎಂದ. ಅದೇ ಹೊತ್ತಿಗೆ, ತಾನೂ ಪೊಲೀಸನಾಗಿದ್ದ ಅವನ ತಮ್ಮ ಸಂಧಾನದ ನಡುವೆ ತಲೆಹಾಕಿ ಅಣ್ಣನನ್ನು ಇನ್ನಷ್ಟು ಕೆರಳಿಸಿದ. ತಮ್ಮನನ್ನು ಹಿಡಿಯಲು ಆದೇಶವಾಯಿತು. ಅವನನ್ನು ಎಳೆದಾಡುವುದನ್ನು ಟಿವಿಗಳು ನೇರವಾಗಿ ತೋರಿಸಿದವು. ಬಸ್ಸಿನಲ್ಲೂ ಟಿವಿ ಇತ್ತು, ಮೆಂಡೋಜಾ ನೋಡುತ್ತಿದ್ದ. ಗುಂಡು ಹಾರಿದ್ದು ಆಮೇಲೆ. ಏಳೂವರೆಯ ಸುಮಾರಿಗೆ ಚಾಲಕ ತಪ್ಪಿಸಿಕೊಂಡು ಬಂದು ಎಲ್ಲರೂ ಸತ್ತರು ಎಂದು ಕೂಗಿದ. ಎಲ್ಲರೂ ಸತ್ತಿರಲಿಲ್ಲ. ಆದರೂ ಆ ಮಾತನ್ನು ನಂಬಿಯೇ ಪೊಲೀಸರು ಮುಂದಿನ ಹೆಜ್ಜೆ ಇಟ್ಟರು. ಸುತ್ತಿಗೆಯಿಂದ ಗಾಜು ಒಡೆದರು, ಬಾಗಿಲಿಗೆ ಹಗ್ಗ ಕಟ್ಟಿ ಎಳೆದರು, ಹಗ್ಗ ಹರಿಯಿತು. ಒಳಗೆ ಹೋಗಲು ಸುಮಾರು ಒಂದು ಗಂಟೆ ಹಿಡಿಯಿತು. ಎಂಟು ಪ್ರವಾಸಿಗರು ಸತ್ತರು, ಮೆಂಡೋಜಾ ಕೂಡ.

ಈಗ ನಿಮ್ಮ ಪ್ರಶ್ನೆ. ಆಗಿನ ನ್ಯಾಯಾಂಗ ಕಾರ್ಯದರ್ಶಿ ಲೈಲಾ ಡಿ ಲಿಮಾ ಅವರ ಸಮಿತಿ ತಿಂಗಳೊಳಗೇ ವರದಿ ಕೊಟ್ಟಿತು. ನಿಮಿಷ ನಿಮಿಷದ ಲೆಕ್ಕವಿದ್ದ ಒಳ್ಳೆಯ ವರದಿ ಅದು. ಸ್ಥಳೀಯ ಬಿಕ್ಕಟ್ಟು ಸಮಿತಿಯ ಮುಖ್ಯಸ್ಥರಾಗಬೇಕಿದ್ದ ಮೇಯರ್ ಆಲ್ಫ್ರೆಡೊ ಲಿಮ್ ಮತ್ತು ಸ್ಥಳದ ಪೊಲೀಸ್ ಕಮಾಂಡರ್ ರೊಡಾಲ್ಫೊ ಮಾಗ್ಟಿಬಾಯ್ ನಿರ್ಣಾಯಕ ಹೊತ್ತಿನಲ್ಲಿ ಹತ್ತಿರದ ಹೋಟೆಲ್ಲಿಗೆ ಊಟಕ್ಕೆ ಹೋಗಿದ್ದರು ಎಂಬುದು ಅದರಲ್ಲಿ ಬಂತು. ವಿಶೇಷ ಪಡೆಯನ್ನು ಬಳಸಿ ಎಂದು ಮೇಲಿನಿಂದ ಸೂಚನೆ ಇದ್ದರೂ ನಗರ ಪೊಲೀಸರ ತಂಡವನ್ನೇ ಒಳಗೆ ನುಗ್ಗಿಸಿದ್ದೂ ಬಂತು. ಹಲವರ ಮೇಲೆ ಮೊಕದ್ದಮೆ ಹೂಡಲು ಸಮಿತಿ ಶಿಫಾರಸು ಮಾಡಿತು. ಅಧ್ಯಕ್ಷ ಬೆನಿಗ್ನೊ ಅಕಿನೊ ಅವರ ಕಾನೂನು ತಂಡ ಅದನ್ನು ಮತ್ತೆ ಪರಿಶೀಲಿಸಿ, ಮೇಯರ್ ಮತ್ತು ಕಮಾಂಡರ್ ಮೇಲಿನದನ್ನು ಇಲಾಖಾ ಕ್ರಮಕ್ಕೆ ಇಳಿಸಿತು. ಕಠಿಣ ಕ್ರಮ ಬಿದ್ದದ್ದು ಉಪ ಓಂಬುಡ್ಸ್‌ಮನ್ ಮೇಲೆ. ಅಧ್ಯಕ್ಷರ ಕಚೇರಿ 2011ರಲ್ಲಿ ಅವರನ್ನು ವಜಾ ಮಾಡಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2014ರಲ್ಲಿ ಆ ನ್ಯಾಯಾಲಯವೇ ಇನ್ನೂ ಮುಂದೆ ಹೋಗಿ, ಉಪ ಓಂಬುಡ್ಸ್‌ಮನ್ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರವೇ ಅಧ್ಯಕ್ಷರಿಗಿಲ್ಲ ಎಂದಿತು. ಬಂದೂಕಿನ ಕಡೆ ಇದ್ದವರಿಗಿಂತ ಕಡತದ ಕಡೆ ಇದ್ದವರ ಮೇಲೆ ಹೆಚ್ಚು ಪೆಟ್ಟು, ಅದೂ ನಿಲ್ಲಲಿಲ್ಲ.

ಸಾಕ್ಷ್ಯದ ಸ್ಥಿತಿ ಇನ್ನೂ ಶೋಚನೀಯ. ಘಟನೆಯ ಜಾಗವನ್ನು ಕಾಪಾಡಲಿಲ್ಲ. ಗುಂಡಿನ ತೂತುಗಳಿದ್ದ ಬಸ್ಸಿನ ಮುಂದೆ ನಿಂತು ಪೊಲೀಸರೂ ವಿದ್ಯಾರ್ಥಿಗಳೂ ನಗುನಗುತ್ತಾ ಫೋಟೊ ತೆಗೆಸಿಕೊಂಡರು. ಹಾಂಗ್‌ಕಾಂಗ್‌ನಲ್ಲಿ ಆ ಫೋಟೊಗಳು ಸಾವಿನಷ್ಟೇ ಸಿಟ್ಟು ಹುಟ್ಟಿಸಿದವು. 2011ರಲ್ಲಿ ಹಾಂಗ್‌ಕಾಂಗ್‌ನ ಮರಣ ವಿಚಾರಣಾ ನ್ಯಾಯಾಲಯ ಎಂಟೂ ಸಾವುಗಳನ್ನು ಕಾನೂನುಬಾಹಿರ ಹತ್ಯೆ ಎಂದು ಘೋಷಿಸಿತು. ಫಿಲಿಪೀನ್ಸ್‌ಗೆ ಹೋಗಬೇಡಿ ಎಂಬ ಕಪ್ಪು ಎಚ್ಚರಿಕೆಯನ್ನು ಹಾಂಗ್‌ಕಾಂಗ್ ತೆಗೆದದ್ದು 2014ರಲ್ಲಿ, ಮನಿಲಾದ ಮೇಯರ್ ಜೋಸೆಫ್ ಎಸ್ಟ್ರಾಡಾ ಖುದ್ದು ಹೋಗಿ ಕ್ಷಮೆ ಕೇಳಿ, ಸಂತ್ರಸ್ತರಿಗೆ ಪರಿಹಾರದ ಒಪ್ಪಂದವಾದ ಮೇಲೆ. ಅಂದರೆ ಮೊಕದ್ದಮೆಗಳಿಗಿಂತ ರಾಜತಾಂತ್ರಿಕ ಒತ್ತಡ ಹೆಚ್ಚು ಕೆಲಸ ಮಾಡಿತು. ಸತ್ತವರು ಸ್ವಂತ ದೇಶದವರೇ ಆಗಿದ್ದರೆ ಅಷ್ಟೂ ಆಗುತ್ತಿತ್ತೇ ಎಂಬುದು ನನ್ನ ಅನುಮಾನ.

ಪ್ರ: ಹಾಗಾದರೆ ಟಿವಿಯವರದ್ದೇ ತಪ್ಪಲ್ಲವೇ? ನಮ್ಮಲ್ಲಿ ಇದಕ್ಕೆ ಕಾನೂನು ಇದೆಯೇ? — ಕಲಬುರಗಿಯ ಓದುಗರು

ಉ: ಅವರದ್ದೂ ತಪ್ಪು, ಆದರೆ ಅವರದ್ದೇ ತಪ್ಪಲ್ಲ. ರೇಡಿಯೊ ನಿರೂಪಕನೊಬ್ಬ ಮೆಂಡೋಜಾ ಜತೆ ಫೋನಿನಲ್ಲಿ ಮಾತಿಗೆ ಕೂತಿದ್ದರಿಂದ ಸಂಧಾನಕಾರರಿಗೆ ಲೈನ್ ಸಿಗಲಿಲ್ಲ. ಅವನ ಫೋನನ್ನು ಬೇರೆ ಕರೆಗಳಿಂದ ಬೇರ್ಪಡಿಸಿ ಸಂಧಾನಕಾರರೊಬ್ಬರಿಗೇ ಮೀಸಲಿಡುವುದು ಪೊಲೀಸರ ಕೆಲಸ, ಮೊದಲ ಗಂಟೆಯಲ್ಲೇ ಆಗಬೇಕಾದದ್ದು. ಕ್ಯಾಮೆರಾಗಳನ್ನು ದೂರ ಇಡುವ ಗಡಿಯನ್ನೂ ಪೊಲೀಸರೇ ಹಾಕಬೇಕು.

ನಮ್ಮಲ್ಲಿ ಕಾನೂನು ಇದೆ. ಮುಂಬೈ ದಾಳಿಯ ನೇರಪ್ರಸಾರವನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ 6(1)(ಪಿ) ಸೇರಿತು. ಭದ್ರತಾ ಪಡೆಗಳ ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯನ್ನು ನೇರವಾಗಿ ತೋರಿಸುವಂತಿಲ್ಲ, ಅದು ಮುಗಿಯುವವರೆಗೆ ನಿಯೋಜಿತ ಅಧಿಕಾರಿಯ ಆಗಾಗಿನ ಹೇಳಿಕೆಗಷ್ಟೇ ಪ್ರಸಾರ ಸೀಮಿತ. ಆದರೆ ಗಮನಿಸಿ, ನಿಯಮ ಹೇಳುವುದು ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆ ಎಂದು. ಕೆಲಸ ಕಳೆದುಕೊಂಡವನೊಬ್ಬ ಬಸ್ ಹಿಡಿದರೆ ಅದು ಇದರಡಿ ಬರುತ್ತದೆಯೇ ಎಂದು ವಕೀಲರು ವಾದಿಸಲು ಜಾಗವಿದೆ. ಇನ್ನು ಜನರ ಕೈಯಲ್ಲಿರುವ ಮೊಬೈಲ್ ಕೇಬಲ್ ಟಿವಿ ಅಲ್ಲ. ಅದನ್ನು ತಡೆಯುವುದು ಗಡಿಯ ಹಗ್ಗ ಮಾತ್ರ.

ಪ್ರ: ಇಲ್ಲಿ ಸಿಡ್ನಿಯಲ್ಲಿ ಲಿಂಡ್ಟ್ ಕೆಫೆಯ ಘಟನೆ ನಡೆದಾಗ ಪೊಲೀಸರು ಯಾಕೆ ಕಾದರು ಅಂತ ಈಗಲೂ ಚರ್ಚೆ ಆಗುತ್ತೆ. ಕಾಯೋದು ತಪ್ಪೇ? — ಸಿಡ್ನಿಯ ಕನ್ನಡಿಗರೊಬ್ಬರು

ಉ: ಕಾಯುವುದು ತಪ್ಪಲ್ಲ. ಸುತ್ತುವರಿ, ಮಾತಾಡು, ಸಮಯ ಕೊಲ್ಲು ಎಂಬುದು ಲೋಕವೇ ಒಪ್ಪಿದ ಕ್ರಮ, ಹೆಚ್ಚಿನ ಪ್ರಕರಣಗಳಲ್ಲಿ ಅದು ಫಲಿಸುತ್ತದೆ. ತಪ್ಪಾಗುವುದು ಕಾಯುವಿಕೆ ಯೋಜನೆಯ ಜಾಗದಲ್ಲಿ ಬಂದು ಕೂತಾಗ.

2014ರ ಡಿಸೆಂಬರ್ 15ರಂದು ಮಾನ್ ಹಾರೋನ್ ಮೋನಿಸ್ ಎಂಬ ಬಂದೂಕುಧಾರಿ ಆ ಕೆಫೆಯಲ್ಲಿ 18 ಜನರನ್ನು ಹಿಡಿದಿಟ್ಟ. ಅವನ ಚೀಲದಲ್ಲಿ ಬಾಂಬ್ ಇದೆ ಎಂದು ಪೊಲೀಸರು ನಂಬಿದ್ದರು, ಇರಲಿಲ್ಲ. ಅಲ್ಲಿ ಎರಡು ಬಗೆಯ ಯೋಜನೆಗಳು ಇದ್ದವು. ಒಳಗೆ ಯಾರಾದರೂ ಸತ್ತರೆ ಅಥವಾ ತೀವ್ರ ಗಾಯಗೊಂಡರೆ ತಕ್ಷಣ ನುಗ್ಗುವ ತುರ್ತು ಯೋಜನೆ ಒಂದು, ಪೊಲೀಸರೇ ಹೊತ್ತು ಆರಿಸಿಕೊಂಡು ನುಗ್ಗುವ ಯೋಜನೆ ಇನ್ನೊಂದು. ಎರಡನೆಯದಕ್ಕೆ ಅನುಮತಿ ಸಿಗಲಿಲ್ಲ. ಹೀಗಾಗಿ ಕೈಯಲ್ಲಿ ಉಳಿದದ್ದು ಒಬ್ಬರು ಸಾಯುವವರೆಗೆ ಕಾಯುವ ಯೋಜನೆ. ಮರುದಿನ ನಸುಕಿನ 2 ಗಂಟೆ 3 ನಿಮಿಷಕ್ಕೆ ಮೋನಿಸ್ ಮೊದಲ ಗುಂಡು ಹಾರಿಸಿದ. ಪೊಲೀಸರು ನುಗ್ಗಿದ್ದು ಸುಮಾರು ಹತ್ತು ನಿಮಿಷದ ಮೇಲೆ, ಕೆಫೆಯ ವ್ಯವಸ್ಥಾಪಕನನ್ನು ಅವನು ಕೊಂದ ನಂತರ. ಇನ್ನೊಬ್ಬ ಮಹಿಳೆ ಸತ್ತದ್ದು ಪೊಲೀಸರದ್ದೇ ಗುಂಡಿನ ಚೂರುಗಳು ಪುಟಿದು ಬಡಿದದ್ದರಿಂದ.

ಮರಣ ವಿಚಾರಣಾಧಿಕಾರಿ ಮೈಕೆಲ್ ಬಾರ್ನ್ಸ್ 2017ರ ಮೇ 24ರಂದು 45 ಶಿಫಾರಸುಗಳೊಂದಿಗೆ ತೀರ್ಮಾನ ಕೊಟ್ಟರು. ಸಾವಿಗೆ ಹೊಣೆ ಮೋನಿಸ್‌ನದೇ ಎಂದು ಹೇಳಿಯೂ, ಮೊದಲ ಗುಂಡಿಗೇ ನುಗ್ಗಬೇಕಿತ್ತು ಎಂದು ಸ್ಪಷ್ಟವಾಗಿ ಬರೆದರು. ಮನೋವೈದ್ಯರೊಬ್ಬರಿಗೆ ಅವರ ಪರಿಣತಿಯ ಆಚೆಗಿನ ವಿಷಯದಲ್ಲೂ ಸಲಹೆ ಕೊಡಲು ಬಿಟ್ಟದ್ದನ್ನು ಟೀಕಿಸಿದರು. ನನಗೆ ಎದ್ದು ಕಂಡದ್ದು ಸಣ್ಣ ಸಣ್ಣ ಸಂಗತಿಗಳು. ಒತ್ತೆಯಾಳುಗಳು ಮಾಡಿದ ಕೆಲವು ಕರೆಗಳನ್ನು ಸಂಧಾನಕಾರರ ಕಡೆ ಯಾರೂ ಎತ್ತಲಿಲ್ಲ. ಹೊರಗಿನ ಕ್ರಿಸ್‌ಮಸ್ ದೀಪ ಆರಿಸಿ ಎಂಬ ಬೇಡಿಕೆ ಗಂಟೆಗಟ್ಟಲೆ ಕಳೆದರೂ ಈಡೇರಲಿಲ್ಲ. ಸ್ವಿಚ್ ಯಾರ ಕೈಯಲ್ಲಿದೆ ಎಂದು ಗೊತ್ತಿಲ್ಲದ ಕಮಾಂಡ್ ಕೊಠಡಿ ಬಂದೂಕುಧಾರಿಗೆ ಏನು ತಾನೇ ಭರವಸೆ ಕೊಟ್ಟೀತು? ಮರುಪ್ರಶ್ನೆಗೆ ಒಳಪಟ್ಟ ಸಾಕ್ಷಿಗಳಿಂದ, ಬಹಿರಂಗ ವಿಚಾರಣೆಯಲ್ಲಿ ಇಷ್ಟೆಲ್ಲ ಹೊರಬಂತಲ್ಲ, ಅದೇ ಅಲ್ಲಿನ ವ್ಯವಸ್ಥೆಯ ಬಲ. ಆ ವರ್ಷವೇ ನ್ಯೂ ಸೌತ್ ವೇಲ್ಸ್ ಶಾಸನ ತಿದ್ದಿ, ಘೋಷಿತ ಭಯೋತ್ಪಾದನಾ ಘಟನೆಗಳಲ್ಲಿ ಪೊಲೀಸರು ಮೊದಲೇ ಗುಂಡು ಹಾರಿಸಲು ಕಾನೂನಿನ ರಕ್ಷಣೆ ಕೊಟ್ಟಿತು.

ಪ್ರ: ಡಾ. ರಾಜ್‌ಕುಮಾರ್ ಅಪಹರಣವೂ ಒತ್ತೆಸೆರೆಯೇ ತಾನೇ? ಆಗ ಸರ್ಕಾರವನ್ನು ಯಾರು ಪ್ರಶ್ನೆ ಮಾಡಿದರು? — ಚಾಮರಾಜನಗರದ ಓದುಗರು

ಉ: ಒಬ್ಬ ತಂದೆ. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರರನ್ನು ಒಯ್ದು 108 ದಿನ ಇಟ್ಟುಕೊಂಡ. ಬಿಡುಗಡೆಯ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ (ಆಗಿನ ಭಯೋತ್ಪಾದನಾ ತಡೆ ಕಾಯ್ದೆ) ಆರೋಪಿಗಳ ಬಿಡುಗಡೆಯೂ ಒಂದು. ಸರ್ಕಾರ ಟಾಡಾ ಆರೋಪ ಹಿಂಪಡೆಯಲು ಹೊರಟಿತು. ವೀರಪ್ಪನ್ ಕಡೆಯವರ ಕೈಯಲ್ಲಿ ಹತರಾಗಿದ್ದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ನ್ಯಾಯಾಲಯ ಆ ಹಿಂತೆಗೆತವನ್ನು ತಳ್ಳಿಹಾಕಿತು. ಮೊಕದ್ದಮೆ ಹಿಂಪಡೆಯುವಾಗ ಸರ್ಕಾರಿ ಅಭಿಯೋಜಕ ಸರ್ಕಾರ ಹೇಳಿದ್ದಕ್ಕೆ ಸಹಿ ಹಾಕುವ ಗುಮಾಸ್ತನಲ್ಲ, ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು ಎಂಬುದು ಆ ತೀರ್ಪಿನ ತಿರುಳು. ಆ ಕಲಂ ಆಗ ದಂಡ ಪ್ರಕ್ರಿಯಾ ಸಂಹಿತೆಯ 321, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಎರಡು ವರ್ಷದ ಮೇಲೆ ಮಾಜಿ ಸಚಿವ ಎಚ್. ನಾಗಪ್ಪ ಅಪಹರಣವಾದಾಗ ಆ ಅದೃಷ್ಟ ಇರಲಿಲ್ಲ. 2002ರ ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು.

ಪ್ರ: ಇಂಥದ್ದು ನಮ್ಮೂರಲ್ಲೇ ಆಗಿ ನಮ್ಮವರೇ ಸತ್ತರೆ, ಕುಟುಂಬದವರು ಎಲ್ಲಿಂದ ಶುರು ಮಾಡಬೇಕು? — ಹುಬ್ಬಳ್ಳಿಯ ಓದುಗರು

ಉ: ದೂರಿನಿಂದಲ್ಲ, ಸಾಕ್ಷ್ಯ ಉಳಿಸಿಕೊಳ್ಳುವುದರಿಂದ. ಕ್ಯಾಮೆರಾಗಳ ರೆಕಾರ್ಡರ್ ತುಂಬಿದಾಗ ಹೊಸ ದೃಶ್ಯ ಹಳೆಯದನ್ನು ಅಳಿಸುತ್ತದೆ, ನಿಮಗಾಗಿ ಕಾಯುವುದಿಲ್ಲ. ಮೂರು ನಾಲ್ಕು ದಿನದೊಳಗೆ ಪೊಲೀಸ್ ಆಯುಕ್ತರಿಗೆ ಅಥವಾ ಎಸ್ಪಿಗೆ ಒಂದು ಪತ್ರ ಬರೆದು, ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೊಡಿ. ಏನೇನು ಕಾದಿಡಬೇಕು ಎಂದು ಹೆಸರಿಸಿ: ನಿಯಂತ್ರಣ ಕೊಠಡಿಯ ಧ್ವನಿಮುದ್ರಣ, ವೈರ್‌ಲೆಸ್ ಲಾಗ್, ಸುತ್ತಲ ಸಿಸಿಟಿವಿ, ಠಾಣಾ ದಿನಚರಿ, ಶಸ್ತ್ರಾಗಾರದಿಂದ ಯಾರಿಗೆ ಯಾವ ಬಂದೂಕು, ಎಷ್ಟು ಗುಂಡು ಕೊಟ್ಟರು, ಎಷ್ಟು ವಾಪಸ್ ಬಂತು ಎಂಬ ರಿಜಿಸ್ಟರ್. ಕೊನೆಯದನ್ನು ಜನ ಮರೆಯುತ್ತಾರೆ. ಗುಂಡು ಯಾರದ್ದು ಎಂಬ ಪ್ರಶ್ನೆಗೆ ಶವಪರೀಕ್ಷೆಯಲ್ಲಿ ಸಿಕ್ಕ ಚೂರು, ಸ್ಥಳದಲ್ಲಿ ಸಿಕ್ಕ ಖಾಲಿ ತೋಟಾ, ಈ ರಿಜಿಸ್ಟರ್ ಮೂರನ್ನೂ ಒಟ್ಟಿಗೆ ಇಟ್ಟರೇ ಉತ್ತರ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಎಫ್‌ಐಆರ್ ಪ್ರತಿ ಮಾಹಿತಿ ಕೊಟ್ಟವರಿಗೂ ಸಂತ್ರಸ್ತರಿಗೂ ಉಚಿತ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂದಿದೆ ಎಂದು ನಿಮಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ, ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ. ಠಾಣೆ ದೂರು ದಾಖಲಿಸದಿದ್ದರೆ ಎಸ್ಪಿಗೆ ಬರೆಯಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಆದರೆ ದೂರು ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲಾದರೆ ಮ್ಯಾಜಿಸ್ಟ್ರೇಟ್ ಮೊದಲು ಮೇಲಧಿಕಾರಿಯ ವರದಿ ತರಿಸಿಕೊಳ್ಳುತ್ತಾರೆ. ಮುಂದೆ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಸಂದರ್ಭಗಳೂ ಇವೆ. ಹಿಂದೆ ಆ ಕಡತ ವರ್ಷಗಟ್ಟಲೆ ಮಲಗುತ್ತಿತ್ತು. ಈಗ 218ನೇ ಕಲಮಿನಂತೆ 120 ದಿನದಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಅರ್ಥ. ಆದ್ದರಿಂದ ಕೋರಿಕೆ ಸರ್ಕಾರಕ್ಕೆ ತಲುಪಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಪೊಲೀಸ್ ದೂರು ಪ್ರಾಧಿಕಾರದ ಹೆಸರನ್ನು ಎಲ್ಲರೂ ಹೇಳುತ್ತಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ಏಳು ನಿರ್ದೇಶನಗಳಲ್ಲಿ ಅದೂ ಒಂದು. ಡಿವೈಎಸ್ಪಿವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್ಪಿ ಮತ್ತು ಮೇಲಿನವರಿಗೆ ರಾಜ್ಯ ಪ್ರಾಧಿಕಾರ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇದನ್ನು ತಂದಿತು. ನನ್ನ ಸಲಹೆ ಇಷ್ಟೇ: ದೂರು ಕೊಡಿ, ಆದರೆ ಕಾರ್ಯಾಚರಣೆಯ ತಾಂತ್ರಿಕ ಲೋಪಗಳನ್ನು ಬಿಡಿಸಿ ನೋಡಲು ಆ ವ್ಯವಸ್ಥೆಯನ್ನು ಕಟ್ಟಿದ್ದಲ್ಲ. ಅದಕ್ಕೆ 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆಯೋಗವೇ ಬೇಕು. ಅದರ ವರದಿಯನ್ನು ಆರು ತಿಂಗಳೊಳಗೆ, ಕೈಗೊಂಡ ಕ್ರಮದ ಟಿಪ್ಪಣಿಯೊಂದಿಗೆ ಶಾಸನಸಭೆಯಲ್ಲಿ ಮಂಡಿಸಬೇಕು. ಅದರ ದೌರ್ಬಲ್ಯವನ್ನೂ ತಿಳಿದಿರಿ. ಆಯೋಗದ ಮುಂದೆ ಅಧಿಕಾರಿ ಕೊಟ್ಟ ಹೇಳಿಕೆಯನ್ನು ಆಮೇಲೆ ಅವನ ವಿರುದ್ಧದ ಮೊಕದ್ದಮೆಯಲ್ಲಿ ಬಳಸುವಂತಿಲ್ಲ. ಅದಕ್ಕೇ ಮೊದಲ ವಾರದ ಕಾಗದಗಳು ಮುಖ್ಯ ಎಂದದ್ದು. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆಯಾಗಿ ಒಂದು ವರ್ಷದೊಳಗೆ ಹೋಗಿ, ತಡವಾದರೆ ಅದು ವಿಚಾರಿಸುವಂತಿಲ್ಲ.

ಮಾಹಿತಿ ಹಕ್ಕು ಅರ್ಜಿಗೆ ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಾರ್ಯಾಚರಣೆ ಯಾಕೆ ವಿಫಲವಾಯಿತು ಎಂದು ಕೇಳಿದರೆ ಏನೂ ಸಿಗುವುದಿಲ್ಲ, ಅದು ಮಾಹಿತಿಯಲ್ಲ, ಅಭಿಪ್ರಾಯ. ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಸ್ಥಳದ ಕಮಾಂಡರ್ ಯಾರು ಎಂಬ ಆದೇಶದ ಪ್ರತಿ ಕೊಡಿ ಎಂದು ಕೇಳಿ. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ತೋರಿಸಿ ನಿರಾಕರಿಸಬಹುದು. ಆಗ ಹೇಗೆ ಅಡ್ಡಿ ಎಂಬ ಕಾರಣ ಕೊಟ್ಟಿದ್ದಾರೆಯೇ ನೋಡಿ, ಕಲಂ ಸಂಖ್ಯೆ ಬರೆದುಬಿಟ್ಟರೆ ಸಾಲದು. 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಕಮಾಂಡರ್ ಯಾರು ಎಂಬ ಆದೇಶವೇ ಕಡತದಲ್ಲಿಲ್ಲ ಎಂಬ ಉತ್ತರ ಬಂದರೆ ಬೇಸರಪಟ್ಟು ಎಸೆಯಬೇಡಿ. ಮನಿಲಾದ ಸಮಿತಿಗೆ ಬರೆಯಲು ಪುಟಗಟ್ಟಲೆ ಬೇಕಾದ ಸಂಗತಿ ನಿಮಗೆ ಒಂದೇ ಸಾಲಿನಲ್ಲಿ, ಅದೂ ಸಹಿ ಮೊಹರಿನ ಸಮೇತ, ಕೈಗೆ ಬಂದಿರುತ್ತದೆ.